ಸೆಕೆಯಲ್ಲಿ ಅವಧಾನ: ಮನಸ್ಸಿನ ದಣಿವನ್ನು ಅಳೆಯುವ ಬಗೆ

(ಮುಂಬಯಿಯಲ್ಲಿ ಕನ್ನಡಿಗ ನಾಗರಿಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಾಪವನ್ನು ಸೂಚಿಸಲು ಕನ್ನಡದಲ್ಲಿ ಒಂದೇ ಪದವಿಲ್ಲ. ಬಿಸಿಲು ಬೇರೆ, ಝಳ ಬೇರೆ, ಧಗೆ ಬೇರೆ, ಸೆಕೆ ಬೇರೆ. ಕಲಬುರಗಿ, ರಾಯಚೂರುಗಳಿಂದ ಬಂದವರು ತಮ್ಮ ಊರಿನ ಬೇಸಗೆಯನ್ನು ವರ್ಣಿಸುವಾಗ ಬಿಸಿಲು, ಝಳ ಎನ್ನುತ್ತಾರೆ. ಉಡುಪಿ, ಮಂಗಳೂರು, ಕಾರವಾರಗಳ ಕಡೆಯವರ ಬಾಯಿಗೆ ಮೊದಲು ಬರುವ ಮಾತು ಸೆಕೆ. ಮೈಗೆ ಅಂಟಿಕೊಂಡು ಬೆವರನ್ನು ಆರಗೊಡದ ಬಿಸಿಯೇ ಸೆಕೆ. ಸರ್ಕಾರಿ ಕಾಗದಪತ್ರಗಳನ್ನು ಕನ್ನಡಿಸುವಾಗ ಇವೆಲ್ಲಕ್ಕೂ ಸೇರಿಸಿ ನಾವು 'ಉಷ್ಣದ ಒತ್ತಡ' ಎಂದು ಬರೆಯುತ್ತೇವೆ. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಮಾತೇ. ಆದರೆ ಆಡುಮಾತಿನಲ್ಲಿರುವ ಸೂಕ್ಷ್ಮ ಭೇದವು ಅದರಲ್ಲಿ ಅಳಿಸಿಹೋಗುತ್ತದೆ. ಇಂದಿನ ವಿಷಯವನ್ನು ಗ್ರಹಿಸಲು ಆ ಭೇದವೇ ನಮಗೆ ಮೊದಲ ಮೆಟ್ಟಿಲು.

ಮಣ್ಣಿನ ಹೂಜಿಯನ್ನು ನೆನಪಿಗೆ ತಂದುಕೊಳ್ಳಿ. ಹೂಜಿಯ ಮೈಯಲ್ಲಿರುವ ಸಣ್ಣ ರಂಧ್ರಗಳಿಂದ ನೀರು ಒಸರಿ, ಆವಿಯಾಗಿ, ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಕಲಬುರಗಿಯ ಮೇ ತಿಂಗಳಿನಲ್ಲಿ ಹೂಜಿಯ ನೀರು ತಣ್ಣಗಿರುತ್ತದೆ. ಅದೇ ಹೂಜಿಯನ್ನು ಮುಂಬಯಿಗೆ ತಂದು ಜೂನ್ ತಿಂಗಳಿನಲ್ಲಿ ಇರಿಸಿದರೆ ನೀರು ಅಷ್ಟು ತಂಪಾಗದು. ಹೊರಗಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಆವಿಗೆ ಹೋಗಲು ಎಡೆಯಿಲ್ಲ. ಮನುಷ್ಯ ಶರೀರವೂ ಈ ವಿಷಯದಲ್ಲಿ ಒಂದು ಹೂಜಿಯೇ. ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಬೆವರು ಆರುವುದರಿಂದ ತಂಪಾಗುತ್ತದೆ.

ಇದನ್ನು ಅಳೆಯುವ ಉಪಕರಣವು ಬಹಳ ಸರಳವಾದದ್ದು. ಎರಡು ಉಷ್ಣತಾಮಾಪಕಗಳನ್ನು ಅಕ್ಕಪಕ್ಕದಲ್ಲಿರಿಸಿ, ಒಂದರ ಬಲ್ಬಿಗೆ ಒದ್ದೆಯ ಮಲ್‌ಮಲ್ ಬಟ್ಟೆಯನ್ನು ಸುತ್ತಿದರೆ ಸಾಕು. ಒದ್ದೆ ಬಟ್ಟೆಯ ಮಾಪಕವು ತೋರಿಸುವ ಅಂಕಿಗೆ ಆರ್ದ್ರ ಬಲ್ಬ್ ತಾಪವೆಂದು ಹೆಸರು. ಗಾಳಿಯ ತಾಪ 42 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡಾ 20 ಇರುವ ಒಳನಾಡಿನ ಮಧ್ಯಾಹ್ನದಲ್ಲಿ ಈ ಅಂಕಿ ಸುಮಾರು 24 ಆಗುತ್ತದೆ. ತಾಪ 34 ಡಿಗ್ರಿ, ಆರ್ದ್ರತೆ ಶೇಕಡಾ 70 ಇರುವ ಕರಾವಳಿಯ ಮಧ್ಯಾಹ್ನದಲ್ಲಿ ಅದು 29ನ್ನು ದಾಟುತ್ತದೆ. ಪತ್ರಿಕೆಯಲ್ಲಿ ಬರುವ ಗರಿಷ್ಠ ತಾಪಮಾನವನ್ನಷ್ಟೇ ಓದಿದವರಿಗೆ ಎರಡನೆಯ ಊರು ತಂಪೆಂದು ತೋರಬಹುದು. ಹಾಗೆಂದು ಒಳನಾಡಿನ ಬಿಸಿಲು ನಿರಪಾಯವೆಂದು ಯಾರೂ ಭಾವಿಸಬಾರದು. ನೇರ ಬಿಸಿಲು, ಕುಲುಮೆ, ಒಲೆಗಳ ಕಾವು ಬೇರೆಯೇ ಲೆಕ್ಕ. ಅದಕ್ಕಾಗಿ ಕಪ್ಪು ಬಣ್ಣ ಬಳಿದ ಟೊಳ್ಳು ಲೋಹದ ಗೋಳದೊಳಗೆ ಮೂರನೆಯ ಮಾಪಕವನ್ನಿರಿಸುತ್ತಾರೆ. ಹೊರಾಂಗಣದಲ್ಲಿ ಆರ್ದ್ರ ಬಲ್ಬಿನ ಅಂಕಿಗೆ ಹತ್ತರಲ್ಲಿ ಏಳು ಪಾಲು, ಕಪ್ಪು ಗೋಳಕ್ಕೆ ಎರಡು ಪಾಲು, ಒಣ ಮಾಪಕಕ್ಕೆ ಒಂದು ಪಾಲು ತೂಕ ಕೊಟ್ಟು ಕೂಡಿಸಿದ ಸಂಯುಕ್ತ ಸೂಚ್ಯಂಕವನ್ನು 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಿಗಾಗಿ ರೂಪಿಸಲಾಯಿತು. ಇಂದು ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹತ್ತರಲ್ಲಿ ಏಳು ಪಾಲು ತೇವದ ಅಂಕಿಗೇ ಸಲ್ಲುತ್ತದೆ ಎಂಬುದನ್ನು ಮುಂಬಯಿವಾಸಿಗಳು ವಿಶೇಷವಾಗಿ ಗಮನಿಸಬೇಕು.

ಗಾಳಿಯನ್ನು ಅಳೆಯುವ ಕೆಲಸ ಈ ನಗರದಲ್ಲಿ ಬಹು ಹಿಂದಿನಿಂದ ನಡೆದು ಬಂದಿದೆ. ಕೊಲಾಬಾದ ವೀಕ್ಷಣಾಲಯವು 1826ರಲ್ಲಿ ಸ್ಥಾಪಿತವಾಯಿತು. ಸಾಂತಾಕ್ರೂಜ್ ಕೇಂದ್ರದಲ್ಲಿ 1952ರ ಏಪ್ರಿಲ್ 14ರಂದು ದಾಖಲಾದ 42.2 ಡಿಗ್ರಿಯ ಮಾತು ಇಂದಿಗೂ ಪ್ರತಿ ಬೇಸಗೆಯಲ್ಲಿ ಕೇಳಿಬರುತ್ತದೆ. ಆದರೆ ಆ ತಾಪದಲ್ಲಿ ಕೆಲಸ ಮಾಡುವ ಮನುಷ್ಯನ ಬುದ್ಧಿ ಎಷ್ಟು ಮಂದವಾಗುತ್ತದೆ, ಅವನ ಗಮನ ಯಾವ ಗಳಿಗೆಯಲ್ಲಿ ತಪ್ಪುತ್ತದೆ ಎಂಬುದನ್ನು ಅಳೆಯುವ ವಿದ್ಯೆ ಇತ್ತೀಚಿನದು.

ಈ ಅಳತೆಯ ಅಗತ್ಯವನ್ನು ಮುಂಬಯಿಯ ಹತ್ತಿ ಗಿರಣಿಗಳಷ್ಟು ಸ್ಪಷ್ಟವಾಗಿ ತೋರಿಸಿದ ಸ್ಥಳ ನಮ್ಮ ದೇಶದಲ್ಲಿ ವಿರಳ. ಒಣ ಹವೆಯಲ್ಲಿ ನೂಲು ಪದೇ ಪದೇ ತುಂಡಾಗುತ್ತದೆ. ಆದಕಾರಣ ನೇಯ್ಗೆಯ ಶೆಡ್ಡುಗಳಲ್ಲಿ ಕೃತಕವಾಗಿ ತೇವವನ್ನು ತುಂಬುವುದು ವಾಡಿಕೆಯಾಗಿತ್ತು. ನೂಲಿಗೆ ಹಿತವಾದದ್ದು ನೇಕಾರನಿಗೆ ಹಿತವಾಗಿರಲಿಲ್ಲ. ಅವನು ಏಕಕಾಲಕ್ಕೆ ಎರಡು ಅಥವಾ ಅದಕ್ಕೂ ಹೆಚ್ಚು ಮಗ್ಗಗಳ ಮೇಲೆ ಕಣ್ಣಿಡಬೇಕು. ನೂರಾರು ಎಳೆಗಳಲ್ಲಿ ಕಡಿದ ಒಂದು ಎಳೆಯನ್ನು ತಕ್ಷಣ ಕಂಡುಹಿಡಿಯಬೇಕು. ಲಾಳಿಯ ಅಬ್ಬರದ ನಡುವೆ ಕೈಬೆರಳುಗಳನ್ನು ಕಾಪಾಡಿಕೊಳ್ಳಬೇಕು. ಕೆಲಸ ತೋಳಿನದಷ್ಟೇ ಆಗಿರಲಿಲ್ಲ, ಅವಧಾನದ್ದೂ ಆಗಿತ್ತು. 1948ರ ಕಾರ್ಖಾನೆ ಕಾಯಿದೆಯು ತನ್ನ 13ನೆಯ ಪ್ರಕರಣದಲ್ಲಿ ವಾತಾಯನ ಮತ್ತು ತಾಪಮಾನದ ಬಗ್ಗೆಯೂ 15ನೆಯ ಪ್ರಕರಣದಲ್ಲಿ ಕೃತಕ ಆರ್ದ್ರತೆಯ ಬಗ್ಗೆಯೂ ವಿಧಿಗಳನ್ನು ಮಾಡಿತು. ಕೆಲಸದ ಕೋಣೆಯಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಆರ್ದ್ರ ಬಲ್ಬ್ ತಾಪವು 30 ಡಿಗ್ರಿಯನ್ನು ಮೀರಬಾರದು, ಗಾಳಿಯು ನಿಮಿಷಕ್ಕೆ ಕನಿಷ್ಠ 30 ಮೀಟರ್ ವೇಗದಲ್ಲಿ ಆಡುತ್ತಿರಬೇಕು ಎಂದು ಅದರ ಅಡಿಯ ಮಾದರಿ ನಿಯಮಗಳು ಹೇಳಿದವು. ಆ ಕಾಯಿದೆಯ ಸ್ಥಾನಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 1982ರ ಮಹಾ ಮುಷ್ಕರದ ತರುವಾಯ ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೂ 30 ಡಿಗ್ರಿ ಎಂಬ ಆ ಗೆರೆಯನ್ನು ನಾವು ಮರೆಯದಿರೋಣ, ಏಕೆಂದರೆ ಮನಸ್ಸಿನ ಪರೀಕ್ಷೆಗಳಲ್ಲಿಯೂ ಅದರ ಆಸುಪಾಸಿನ ಅಂಕಿಗಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಅವರ ಮುಂದೆ ಒಂದು ಪ್ರಶ್ನೆ ಇತ್ತು. ರೇಡಾರ್ ಪರದೆಯನ್ನು ಗಂಟೆಗಟ್ಟಲೆ ನೋಡುವ ಯೋಧರು ಪರದೆಯ ಮೇಲೆ ಮೂಡಿದ ಚುಕ್ಕೆಯನ್ನು ಏಕೆ ಗಮನಿಸುವುದಿಲ್ಲ? ಅವರು ಒಂದು ಗಡಿಯಾರವನ್ನು ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಕಂಡಾಗ ಗುಂಡಿಯನ್ನು ಒತ್ತಬೇಕು. ಎರಡು ಗಂಟೆಗಳ ಈ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ಕಳೆಯುತ್ತಲೇ ಜಿಗಿತಗಳು ಕಣ್ತಪ್ಪತೊಡಗಿದವು. ತಾಪದ ಬಗೆಗೂ ಅವರು ಪ್ರಯೋಗಗಳನ್ನು ನಡೆಸಿದರು. ಮೋರ್ಸ್ ಸಂಕೇತಗಳನ್ನು ಕೇಳಿ ಬರೆದುಕೊಳ್ಳುವ ನುರಿತ ತಂತಿ ಕೆಲಸಗಾರರನ್ನು ಬಿಸಿ ಕೋಣೆಯಲ್ಲಿ ಕೂರಿಸಿ, ಅವರು ಮಾಡಿದ ತಪ್ಪುಗಳನ್ನು ಎಣಿಸಿದರು. ತಾಪ, ತೇವ, ಗಾಳಿ ಮೂರನ್ನೂ ಸೇರಿಸಿದ ಲೆಕ್ಕದಲ್ಲಿ 30 ಡಿಗ್ರಿಯ ಆಸುಪಾಸಿನವರೆಗೆ ತಪ್ಪುಗಳ ಸಂಖ್ಯೆ ಹೆಚ್ಚೇನೂ ಬದಲಾಗಲಿಲ್ಲ. ಅದನ್ನು ದಾಟಿದ ಮೇಲೆ ಏರತೊಡಗಿ, ಅತ್ಯಧಿಕ ತಾಪದಲ್ಲಿ ಹಲವು ಪಟ್ಟಾಯಿತು. 1946ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಇನ್ನೊಂದು ಅಂಶವಿದೆ: ಕಸುಬಿನಲ್ಲಿ ಅತ್ಯಂತ ನಿಪುಣರಾದವರು ಕಡಿಮೆ ಕೆಟ್ಟರು, ಸಾಧಾರಣ ಕೆಲಸಗಾರರು ಹೆಚ್ಚು ಕೆಟ್ಟರು. ಎಂದರೆ ಸೆಕೆಯ ಭಾರವು ಹೊಸಬರ ತಲೆಯ ಮೇಲೆಯೇ ಅಧಿಕವಾಗಿ ಬೀಳುತ್ತದೆ.

ಪ್ರಯೋಗಾಲಯದ ಹೊರಗೂ ಇದು ನಿಜವೇ ಎಂದು ಕೇಳಬಹುದು. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ಕಾರ್ಖಾನೆಗಳ ಕೆಲಸಗಾರರನ್ನು ಹದಿನಾಲ್ಕು ತಿಂಗಳ ಕಾಲ ಗಮನಿಸಿ, ಅಪಾಯಕರ ವರ್ತನೆಗಳನ್ನು 17,000ಕ್ಕೂ ಹೆಚ್ಚು ಬಾರಿ ನೋಡಿ ಗುರುತು ಹಾಕಲಾಯಿತು. ನಾನು ಈಗ ತಾನೇ ವಿವರಿಸಿದ ಸಂಯುಕ್ತ ಸೂಚ್ಯಂಕವು 17ರಿಂದ 23 ಡಿಗ್ರಿಯ ನಡುವೆ ಇದ್ದಾಗ ಅಜಾಗರೂಕತೆ ಅತ್ಯಲ್ಪವಾಗಿತ್ತು. ಅದಕ್ಕಿಂತ ಚಳಿಯಾದರೂ ಹೆಚ್ಚಿತು, ಬಿಸಿಯಾದರೂ ಹೆಚ್ಚಿತು.

ಇಲ್ಲಿ 'ಅವಧಾನ' ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕೋಶಗಳಲ್ಲಿ ಜಾಗರೂಕತೆ, ಎಚ್ಚರಿಕೆ, ನಿಗಾ ಎಂಬ ಪರ್ಯಾಯಗಳಿವೆ. ಆದರೆ ಅಷ್ಟಾವಧಾನವನ್ನು ಕಂಡಿರುವ ಕನ್ನಡಿಗರಿಗೆ ಈ ಪದದ ಅರ್ಥವನ್ನು ವಿವರಿಸುವ ಅಗತ್ಯವಿಲ್ಲ. ಅವಧಾನಿಯು ಪದ್ಯದ ಸಾಲನ್ನು ಕಟ್ಟುತ್ತಿರುವಾಗಲೇ ಒಬ್ಬರು ನಡುನಡುವೆ ಘಂಟೆ ಬಾರಿಸುತ್ತಾರೆ. ಎಷ್ಟು ಬಾರಿಸಿದರೆಂದು ಅವರು ಕೊನೆಗೆ ಹೇಳಬೇಕು. ಮತ್ತೊಬ್ಬರು ಅಪ್ರಸ್ತುತ ಪ್ರಸಂಗ ತೆಗೆದು ಗಮನವನ್ನು ಕದಡುತ್ತಾರೆ. ಆಧುನಿಕ ಪ್ರಯೋಗಾಲಯದಲ್ಲಿ ನಡೆಯುವ ಜೋಡಿ ಕೆಲಸದ ಪರೀಕ್ಷೆಯೂ ಸ್ಥೂಲವಾಗಿ ಇದೇ ಬಗೆಯದು. ಒಂದು ಕೈ ಚಲಿಸುವ ಬಿಂದುವನ್ನು ಹಿಂಬಾಲಿಸುತ್ತಿರಬೇಕು, ಕಿವಿ ಸದ್ದುಗಳನ್ನು ಎಣಿಸುತ್ತಿರಬೇಕು. ಇಂತಹ ಪರೀಕ್ಷೆಗಳ ಫಲವು ಸಾಮಾನ್ಯವಾಗಿ ಒಂದೇ ದಿಕ್ಕನ್ನು ತೋರಿಸುತ್ತದೆ. ಸೆಕೆಯಲ್ಲಿ ಸರಳವಾದ ಒಂಟಿ ಕೆಲಸ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಗುಂಡಿ ಒತ್ತು ಎಂದರೆ ಒತ್ತುವ ಶಕ್ತಿ ಇರುತ್ತದೆ. ಎರಡು ಕೆಲಸಗಳನ್ನು ಜೊತೆಯಾಗಿ ನಡೆಸುವ ಶಕ್ತಿಯೂ ದೀರ್ಘಕಾಲ ಕಾದು ಕುಳಿತು ಗಮನಿಸುವ ಶಕ್ತಿಯೂ ಮೊದಲು ಕುಂದುತ್ತವೆ. 2016ರ ಬೇಸಗೆಯ ಬಿಸಿ ಗಾಳಿಯ ದಿನಗಳಲ್ಲಿ ಅಮೆರಿಕದ ಬಾಸ್ಟನ್ ನಗರದ 44 ಮಂದಿ ವಿದ್ಯಾರ್ಥಿಗಳಿಗೆ ಬೆಳಗ್ಗೆ ಎದ್ದೊಡನೆ ಪರೀಕ್ಷೆ ನಡೆಸಲಾಯಿತು. ಬಣ್ಣದ ಹೆಸರನ್ನು ಬೇರೆ ಬಣ್ಣದಲ್ಲಿ ಬರೆದು ಗೊಂದಲಗೊಳಿಸುವ ಒಂದು ಪರೀಕ್ಷೆ, ಕೂಡುವ ಲೆಕ್ಕದ ಇನ್ನೊಂದು ಪರೀಕ್ಷೆ. ಹವಾನಿಯಂತ್ರಣವಿಲ್ಲದ ಕೊಠಡಿಗಳಲ್ಲಿ ಮಲಗಿದ್ದವರು ಸುಮಾರು ಶೇಕಡಾ 13ರಷ್ಟು ಹಿಂದೆ ಬಿದ್ದರು. ಅವರೆಲ್ಲರೂ ಆರೋಗ್ಯವಂತ ತರುಣರು.

ಹಾಗಿದ್ದರೆ, ದಣಿದವನನ್ನೇ ಕೇಳಿದರೆ ಆಗದೇ? ಆಗದು. ಈ ಶಾಸ್ತ್ರದ ತಿರುಳೇ ಇದು. ಇದನ್ನು ಅರಿಯಲು ಸೆಕೆಯನ್ನು ಕೊಂಚ ಬದಿಗಿಟ್ಟು ಸಮುದ್ರದೊಳಗೆ ಇಳಿಯೋಣ.

ಮುಂಬಯಿ ತೀರದಾಚೆ 1974ರಲ್ಲಿ 'ಸಾಗರ ಸಾಮ್ರಾಟ್' ತೈಲ ಕಂಡುಹಿಡಿದ ನಂತರ ಅಲ್ಲಿ ತೈಲ ವೇದಿಕೆಗಳು ಎದ್ದವು. ಅವುಗಳ ಕಾಲುಗಳನ್ನೂ ಕೊಳವೆಗಳನ್ನೂ ಪರೀಕ್ಷಿಸಲು ಮುಳುಗುಗಾರರು ಆಳಕ್ಕೆ ಇಳಿಯಬೇಕು. ನೌಕಾಪಡೆಯ ಮುಳುಗುಗಾರರ ಆರೋಗ್ಯದ ಅಧ್ಯಯನಕ್ಕಾಗಿ ಕೊಲಾಬಾದ ಐ.ಎನ್.ಎಚ್.ಎಸ್. ಅಶ್ವಿನಿ ಆಸ್ಪತ್ರೆಯ ಆವರಣದಲ್ಲಿ ನೌಕಾ ವೈದ್ಯಕೀಯ ಸಂಸ್ಥೆ ಇದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಸುಮಾರು 30 ಮೀಟರ್ ದಾಟಿದ ಮೇಲೆ, ನಾವು ಸದಾ ಉಸಿರಾಡುವ ಸಾರಜನಕವೇ ಮದ್ಯದಂತೆ ಅಮಲು ತರತೊಡಗುತ್ತದೆ. ಇನ್ನೂ ಆಳಕ್ಕೆ ಹೋಗುವವರಿಗೆ ಸಾರಜನಕದ ಬದಲು ಹೀಲಿಯಂ ಬೆರೆಸಿದ ಗಾಳಿಯನ್ನು ಕೊಡುವುದು ಈ ಕಾರಣದಿಂದಲೇ.

ಈ ಅಮಲನ್ನು ಅಳೆದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಪ್ರಮುಖರು. ಅವರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. 1939ರಲ್ಲಿ ಬ್ರಿಟಿಷರ ಥೆಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತ ಬಳಿಕ, ಹಾಲ್ಡೇನ್ ತಮ್ಮನ್ನೂ ತಮ್ಮ ಸಹಚರರನ್ನೂ ಉಕ್ಕಿನ ಒತ್ತಡ ಕೋಣೆಯೊಳಗೆ ಕೂಡಿಹಾಕಿಕೊಂಡು ಪ್ರಯೋಗಗಳಿಗೆ ತೊಡಗಿದರು. ಹತ್ತು ವಾಯುಮಂಡಲಗಳ ಒತ್ತಡದಲ್ಲಿ ಕೊಟ್ಟ ಪರೀಕ್ಷೆಗಳು ಎರಡು: ಗುಣಾಕಾರದ ಲೆಕ್ಕ, ಮತ್ತು ಸಣ್ಣ ಉಕ್ಕಿನ ಗುಂಡುಗಳನ್ನು ಚಿಮಟದಿಂದ ಎತ್ತಿಡುವುದು. ಬೆರಳಿನ ಕೆಲಸವೂ ಲೆಕ್ಕವೂ ಕೆಟ್ಟವು. ಸಾರಜನಕದ ಅಮಲೇರಿದವನಿಗೆ ತಾನು ಕೆಡುತ್ತಿದ್ದೇನೆಂದು ತೋರುವುದಿಲ್ಲ; ಎಂದಿಗಿಂತ ಚುರುಕಾಗಿದ್ದೇನೆಂದೇ ತೋರುತ್ತದೆ. ಅವನ ಮಾತನ್ನು ನಂಬದೆ ಅವನ ಮಗ್ಗಿಯನ್ನು ಪರೀಕ್ಷಿಸಬೇಕು. ಸೆಕೆಯಲ್ಲಿ ಅಮಲಿನ ಉಲ್ಲಾಸವಿಲ್ಲ ನಿಜ. ಆದರೆ ಅಲ್ಲಿಯೂ, ತನ್ನ ತಪ್ಪನ್ನು ತಾನು ಗಮನಿಸಬೇಕಾದ ಶಕ್ತಿಯೇ ಮೊದಲು ಕುಂದುವುದರಿಂದ, 'ನನಗೇನೂ ಆಗಿಲ್ಲ' ಎಂಬ ಮಾತು ಪ್ರಮಾಣವಾಗದು.

ಅಳತೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ನಿರ್ಣಯ ಶಕ್ತಿ ಕುಂದುತ್ತದೆಂದು ಕ್ಯಾಲಿಫೋರ್ನಿಯಾದಲ್ಲಿ 22 ಮಂದಿಯ ಮೇಲೆ ನಡೆದ 2012ರ ಪ್ರಯೋಗವು ತೋರಿಸಿತು. ದಶಲಕ್ಷಕ್ಕೆ 2,500 ಭಾಗಗಳಲ್ಲಿ ಕುಸಿತ ಸ್ಪಷ್ಟವಾಗಿತ್ತು. 2018ರಲ್ಲಿ ಅಮೆರಿಕದ 36 ಮಂದಿ ಜಲಾಂತರ್ಗಾಮಿ ನಾವಿಕರನ್ನು 15,000 ಭಾಗಗಳವರೆಗೆ ಒಡ್ಡಿ ಅದೇ ರೀತಿಯ ಪರೀಕ್ಷೆ ಕೊಟ್ಟಾಗ ಯಾವ ಕುಸಿತವೂ ಕಾಣಲಿಲ್ಲ. ನಾವಿಕರು ಆಯ್ದ ಜನ, ಪಳಗಿದ ಜನ. ಅವರ ಮೇಲೆ ಸಿಕ್ಕ ಫಲವನ್ನು ಕಚೇರಿಯ ಗುಮಾಸ್ತರಿಗೆ ಹೊಂದಿಸಲಾಗದು, ಗುಮಾಸ್ತರ ಫಲವನ್ನು ಶಾಲೆಯ ಮಕ್ಕಳಿಗೂ ಹೊಂದಿಸಲಾಗದು.

ನಮ್ಮ ಲೋಕಲ್ ರೈಲುಗಳ ಮೋಟಾರ್‌ಮನ್ನರೂ ಹೀಗೆ ಆಯ್ದ ಜನರೇ. ಮುಂಬಯಿಯಲ್ಲಿ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲು ಓಡಿತು. ದಟ್ಟಣೆಯ ಹೊತ್ತಿನಲ್ಲಿ ಈಗ ಮೂರು ನಿಮಿಷಕ್ಕೊಂದರಂತೆ ಗಾಡಿಗಳು ಹಿಂದೆ ಹಿಂದೆ ಸಾಗುತ್ತವೆ. ಸಿಗ್ನಲ್, ನಿಲ್ದಾಣ, ಹಳಿ ದಾಟುವ ಜನ, ಇವೆಲ್ಲವನ್ನೂ ಒಂದೇ ನೋಟದಲ್ಲಿ ಹಿಡಿದಿಡಬೇಕು. ಈ ಹುದ್ದೆಗೆ ಬರುವವರಿಗೆ ರೈಲ್ವೆಯ ಲಖನೌ ಸಂಶೋಧನಾ ಸಂಸ್ಥೆಯ ಮನೋತಾಂತ್ರಿಕ ವಿಭಾಗವು ರೂಪಿಸಿದ ಪರೀಕ್ಷೆಗಳಿವೆ: ಸ್ಮರಣೆ, ಸೂಚನೆಗಳ ಪಾಲನೆ, ಆಳದ ಗ್ರಹಿಕೆ, ಏಕಾಗ್ರತೆ, ಗ್ರಹಣದ ವೇಗ. ಇವು ವ್ಯಕ್ತಿಯನ್ನು ಅಳೆಯುತ್ತವೆ, ಅದು ಅತ್ಯಗತ್ಯವೂ ಹೌದು. ಆದರೆ ಪರೀಕ್ಷಾ ಕೊಠಡಿಯಲ್ಲಿ ಗಳಿಸಿದ ಅಂಕ ಮೇ ತಿಂಗಳ ಮಧ್ಯಾಹ್ನದಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಸ್ಥಳವನ್ನೂ ಅಳೆದಾಗ ಮಾತ್ರ ತಿಳಿಯುವ ಸಂಗತಿ. ಕಾರ್ಮಿಕ ಸಚಿವಾಲಯದ ಅಧೀನದಲ್ಲಿ ಸಯಾನ್‌ನಲ್ಲಿರುವ ಕೇಂದ್ರ ಕಾರ್ಮಿಕ ಸಂಸ್ಥೆಯಂತಹ ಸಂಸ್ಥೆಗಳು ಕೆಲಸದ ಸ್ಥಳದ ತಾಪ, ಗಾಳಿ, ಬೆಳಕು, ಶಬ್ದಗಳನ್ನು ಅಳೆಯುವ ಉದ್ದೇಶವೂ ಇದೇ.

ಪಳಗುವಿಕೆಯ ಮಾತು ಬಂದುದರಿಂದ ಕೋಲಾರದ ಚಿನ್ನದ ಗಣಿಯನ್ನು ನೆನೆಯುವುದು ಉಚಿತ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ತಳದ ಬಂಡೆಯ ತಾಪ 60 ಡಿಗ್ರಿಗೂ ಮೇಲಿತ್ತು. ತಂಪು ಮಾಡಿದ ಗಾಳಿಯನ್ನು ಕೆಳಗಿಳಿಸದೆ ಅಲ್ಲಿ ಕೆಲಸ ಸಾಧ್ಯವಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಬಿಸಿಗೆ ಕ್ರಮವಾಗಿ ಒಡ್ಡಿಕೊಂಡ ಶರೀರವು ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತದೆ: ಬೆವರು ಬೇಗನೆ ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಆದಕಾರಣ ಹೊಸಬನಿಗೆ ಮೊದಲ ದಿನ ಪೂರ್ಣ ಪಾಳಿಯ ಐದನೆಯ ಒಂದು ಪಾಲು ಮಾತ್ರ ಬಿಸಿಯಲ್ಲಿ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಬೇಕೆಂಬ ಕ್ರಮವನ್ನು ತಜ್ಞರು ಸೂಚಿಸುತ್ತಾರೆ. ಮನಸ್ಸು ಕೂಡ ಅಷ್ಟೇ ಸಲೀಸಾಗಿ ಪಳಗುತ್ತದೆಂದು ಹೇಳುವಂತಿಲ್ಲ. ಮ್ಯಾಕ್‌ವರ್ತ್ ಅವರ ತಂತಿ ಕೆಲಸಗಾರರು ಬಿಸಿಗೆ ಹೊಂದಿಕೊಂಡವರೇ ಆಗಿದ್ದರು. ಆದರೂ ಅವರು ತಪ್ಪಿದರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮುಂಬಯಿಯ ಕನ್ನಡಿಗರ ಇತಿಹಾಸದಲ್ಲಿ ಹೋಟೆಲಿಗೂ ರಾತ್ರಿ ಶಾಲೆಗೂ ಇರುವ ನಂಟು ಎಲ್ಲರಿಗೂ ತಿಳಿದದ್ದು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಮುಂದೆ ಬ್ಯಾಂಕು, ಕಚೇರಿ, ನ್ಯಾಯಾಲಯಗಳಿಗೆ ಏರಿದರು. ಅವರ ಛಲವನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಕಾವಲಿಯ ಮುಂದೆ ಎಂಟು ಹತ್ತು ಗಂಟೆ ನಿಂತು ಬಂದ ಹುಡುಗನಿಗೆ ಬೀಜಗಣಿತ ತಲೆಗೆ ಹತ್ತದಿದ್ದಾಗ ಅವನನ್ನು ದಡ್ಡನೆಂದು ಕರೆದವರೂ ಇದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವರಲ್ಲಿ ದಡ್ಡರೆಷ್ಟು, ಸೆಕೆಯಿಂದ ದಣಿದವರೆಷ್ಟು ಎಂದು ಯಾರೂ ಲೆಕ್ಕವಿಡಲಿಲ್ಲ. ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ. ದೊಡ್ಡವರ ಕೆಲಸವೋ ಮುಂದುವರಿದಿದೆ. ಏಳೆಂಟು ಮೇಜುಗಳ ತಿಂಡಿಯನ್ನು ಚೀಟಿಯಿಲ್ಲದೆ ನೆನಪಿಟ್ಟು ಕೂಗಿ ಹೇಳುವ ಮಾಣಿಯ ಸ್ಮರಣೆ, ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಿಂತ ಅಡಿಗೆಯವನ ಕಣ್ಣು ಕೈಗಳ ಹೊಂದಾಣಿಕೆ, ಗಲ್ಲೆಯಲ್ಲಿ ಕುಳಿತವರ ಚಿಲ್ಲರೆಯ ಲೆಕ್ಕ, ಇವೆಲ್ಲವೂ ಪ್ರಯೋಗಾಲಯದ ಪರೀಕ್ಷೆಗಳಿಗೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ.

ಮಾಲೀಕರಿಗೂ ಇದರಲ್ಲಿ ಹಿತವಿದೆ. ಭಾರತದ ಕಾರ್ಖಾನೆಗಳ ಅಂಕಿ ಅಂಶಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷದ ತಾಪ ಒಂದು ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇಕಡಾ 2ರಷ್ಟು ಇಳಿಯುತ್ತದೆ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿತಾಯಕ್ಕೆಂದು ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್.ಇ.ಡಿ. ದೀಪಗಳನ್ನು ಹಾಕಿದಾಗ, ದೀಪದ ಕಾವು ತಗ್ಗಿ, ಬಿಸಿ ದಿನಗಳಲ್ಲಿ ಹೊಲಿಗೆಯ ಕೆಲಸ ಕುಂಟುವುದು ಬಹಳಷ್ಟು ಕಡಿಮೆಯಾಯಿತು.

ಆದ್ದರಿಂದ ಅಡಿಗೆಮನೆ, ಇಸ್ತ್ರಿ ಅಂಗಡಿ, ಬೇಕರಿ, ಸಣ್ಣ ಕಾರ್ಖಾನೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಆರ್ದ್ರ ಮತ್ತು ಶುಷ್ಕ ಬಲ್ಬಿನ ಜೋಡಿ ಮಾಪಕವೊಂದನ್ನು ತಂದು, ಕೆಲಸಗಾರರು ನಿಲ್ಲುವ ಕಡೆಯಲ್ಲಿಯೇ, ಎದೆಯ ಮಟ್ಟದ ಎತ್ತರದಲ್ಲಿ, ಒಲೆಯ ನೇರ ಕಾವು ತಾಗದಂತೆ ತೂಗುಹಾಕಿರಿ. ಬೆಳಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ಮೂರಕ್ಕೂ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಅದೇ ಪುಟದಲ್ಲಿ ಆ ದಿನ ಸುಟ್ಟ ಕೈ, ಜಾರಿದ ತಟ್ಟೆ, ತಪ್ಪಿದ ಲೆಕ್ಕ, ಮರೆತ ಆರ್ಡರುಗಳನ್ನೂ ಗುರುತಿಸಿರಿ. ತಪ್ಪಿದವನ ಹೆಸರನ್ನು ಬರೆಯಬೇಡಿ. ಹೆಸರು ಬರೆದರೆ ಮರುದಿನದಿಂದ ತಪ್ಪುಗಳು ಪುಸ್ತಕಕ್ಕೆ ಬರುವುದು ನಿಲ್ಲುತ್ತದೆ. ಆರ್ದ್ರ ಬಲ್ಬಿನ ಅಂಕಿ 30ನ್ನು ಸಮೀಪಿಸಿದಾಗ ಕಾವಲಿಯ ಮುಂದಿನವರನ್ನು ಅದಲು ಬದಲು ಮಾಡಿ, ಕುಡಿಯುವ ನೀರನ್ನು ಕೈಗೆಟಕುವಲ್ಲಿ ಇರಿಸಿ, ಗ್ಯಾಸ್ ಸಿಲಿಂಡರ್ ಬದಲಿಸುವಂತಹ, ತಪ್ಪಿದರೆ ಅಪಾಯವಿರುವ ಕೆಲಸಗಳನ್ನು ಬೆಳಗಿನ ಹೊತ್ತಿಗೆ ಸರಿಸಿರಿ. ಬಲ್ಬಿಗೆ ಸುತ್ತಿದ ಬಟ್ಟೆಯನ್ನು ವಾರಕ್ಕೊಮ್ಮೆಯಾದರೂ ಬದಲಿಸಬೇಕು. ಅಡಿಗೆಮನೆಯ ಎಣ್ಣೆಯ ಜಿಡ್ಡು ಹತ್ತಿದ ಬಟ್ಟೆ ನೀರನ್ನು ಹೀರುವುದಿಲ್ಲ. ಆಗ ಎರಡು ಮಾಪಕಗಳೂ ಒಂದೇ ಅಂಕಿಯನ್ನು ತೋರಿಸುತ್ತವೆ.